ಜ್ವಾಲಾಮುಖಿಗೆ ಜಗಳೂರಿನ ಅತ್ತೆ

ಹವಾಯಿ, ಐಸ್‌ಲ್ಯಾಂಡ್ ವಿಡಿಯೊ ನೋಡಿ ನೋಡಿ ನನಗೂ ಜ್ವಾಲಾಮುಖಿ ದ್ವೀಪದಲ್ಲಿ ನಡೆಯುವ ಹುಚ್ಚು ಹತ್ತಿತು. ಪಾಸ್‌ಪೋರ್ಟ್ ಇಲ್ಲದವರಿಗೆ ಮಲ್ಪೆಯ ಸೇಂಟ್ ಮೇರೀಸ್ ಇದೆಯಲ್ಲ! ದಾವಣಗೆರೆಯಲ್ಲಿ ಟ್ರೆಕ್ಕಿಂಗ್ ಶೂ ಕೊಂಡು, ಹದಕ್ಕೆ ಬರಲೆಂದು ಸೂಳೆಕೆರೆ ಏರಿಯ ಮೇಲೆ ಅಡ್ಡಾಡಿದೆ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರು "ಸರ್ವೆನಾ ಸಾರ್?" ಅಂದರು. ಹೌದೆಂದೆ.

ಚನ್ನಗಿರಿಯ ಭಾವ, ಹೊನ್ನಾಳಿಯ ಚಿಕ್ಕಪ್ಪ, ನ್ಯಾಮತಿಯ ತಂಗಿ-ಮಕ್ಕಳು, ಜಗಳೂರಿನ ಸೋದರತ್ತೆ, ಎಲ್ಲರೂ ಒಂದೇ ಟಿಟಿಯಲ್ಲಿ. ಆಗುಂಬೆ ಘಾಟಿಯಲ್ಲಿ ಯಾರ್ಯಾರು ವಾಂತಿ ಮಾಡಿದರೆಂಬುದು ಇಲ್ಲಿ ಬೇಡ. ದೋಣಿ ಹತ್ತಿದ ಮೇಲೆ ನನ್ನ ಬಾಯಿ ನಿಲ್ಲಲಿಲ್ಲ: ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗುವಾಗ ಉಕ್ಕಿದ ಲಾವಾ, ಆರಿ ಕುಗ್ಗಿ ಬಿರಿದು ಕಂಬವಾಯಿತು, ಕಂಬಕ್ಕೆ ಆರಾರು ಮೂಲೆ...

"ಪಾಲಾತು ಅನ್ನು. ನಮ್ಮಿಂದ ನ್ಯಾಮತಿ ತಾಲ್ಲೂಕು ಹೋದಂಗೆ," ಅಂದರು ಚಿಕ್ಕಪ್ಪ. ತಂಗಿ ಕಿಟಕಿಯಿಲ್ಲದ ದೋಣಿಯಲ್ಲೂ ಆಚೆ ನೋಡಿದಳು.

1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದನೆಂದು ಪ್ರತೀತಿ. ಅವನ ಶೂ ಗತಿ ಏನಾಯಿತೋ, ನನ್ನದಂತೂ ನೀರು ತುಂಬಿ ಹೆಜ್ಜೆಗೊಮ್ಮೆ ಪಚಕ್ಕೆನ್ನುತ್ತಿತ್ತು.

ಭಾವ ಅಡಿಕೆ ವ್ಯಾಪಾರದವರು. ರಾಶಿಯಲ್ಲಿ ಒಂದು ಗೊರಬಲು ಕಂಡರೂ ಬಿಡುವವರಲ್ಲ. ಕಂಬವೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆರಳಿಟ್ಟು ಎಣಿಸಿದರು.

"ಐದೇ ಐತಲ್ಲೋ."

ನಾನೂ ಎಣಿಸಿದೆ. ಐದೇ. ಪಕ್ಕದ್ದು ಆರು. ಅದರಾಚೆಯದು ಏಳು! ಲಾವಾ ಬಿರಿಯುವಾಗ ಹಾಗೆ ಹೆಚ್ಚುಕಡಿಮೆ ಆಗುತ್ತದೆ ಎಂದರೆ ಕೇಳುವವರು ಯಾರು? "ಆರು ಅಂತ ಹೇಳಿ ಕರ್ಕಂಡ್ ಬಂದಿ," ಎಂದು ಭಾವ ಪಟ್ಟು ಹಿಡಿದರು. ಚಿಕ್ಕಪ್ಪ ಆರರ ಪಕ್ಷ, ಭಾವ ಐದರ ಪಕ್ಷ. ಸೋತವರದು ಎಲ್ಲರಿಗೂ ಎಳನೀರು. ಮಕ್ಕಳು ದ್ವೀಪದ ತುಂಬ ಚೆದುರಿ "ಮಾಮಾ, ಇಲ್ಲೊಂದು ಐದು!" ಎಂದು ಕೂಗತೊಡಗಿದರು. ಅಲೆ ಸವೆಸಿದ ಮೂಲೆಯನ್ನು ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ ಎಂದು ವ್ಯಾಜ್ಯ. ಅಂಚಿಗೆ ಹೋಗಬೇಡಿ ಎಂದು ಸೀಟಿ ಊದುತ್ತ ಬಂದ ಗಾರ್ಡನ್ನೇ ಭಾವ ನಿಲ್ಲಿಸಿಕೊಂಡು, "ಸಾರ್, ಧರ್ಮದಿಂದ ಹೇಳ್ರಿ, ಇದಕ್ಕೆಷ್ಟು?" ಅಂದರು. ಆತ ಸೀಟಿ ಬಾಯಲ್ಲಿಟ್ಟುಕೊಂಡೇ ಬಗ್ಗಿ ಎಣಿಸಿದ. ಎರಡು ಸಲ.

ಆ ಕಂಬಗಳ ಸಂದಿಗೇ ಯಾರೋ ಮಹಾನುಭಾವ ಚಿಪ್ಸ್ ಕವರ್ ತುರುಕಿದ್ದ. ನಮ್ಮ ಟಿಟಿಯವನಲ್ಲ ಎಂದು ಎದೆ ತಟ್ಟಿ ಹೇಳಲಾರೆ.

ಅತ್ತೆ ಮಾತ್ರ ಒಂದು ಕಲ್ಲಿನ ಮೇಲೆ ಕೂತು ಸುತ್ತಲ ನೀರನ್ನೇ ನೋಡುತ್ತಿದ್ದರು. 57 ಕೆರೆಗೆ ತುಂಗಭದ್ರೆ ಹರಿಸುವ ಸುದ್ದಿಯನ್ನು ವರ್ಷಗಟ್ಟಲೆ ಕೇಳಿದ ಸೀಮೆಯವರು. ಬೆರಳದ್ದಿ ನಾಲಿಗೆಗಿಟ್ಟುಕೊಂಡು, "ಇಷ್ಟಕ್ಕೂ ಉಪ್ಪು ಹಾಕ್ಯಾನಲ್ಲೋ ಶಿವ," ಅಂದರು. ನಗಲು ಬಾಯಿ ತೆರೆದವನು ಮುಚ್ಚಿಕೊಂಡೆ.

ಎಳನೀರಿನ ದುಡ್ಡು ಕೊನೆಗೆ ನನ್ನ ಕಿಸೆಯಿಂದಲೇ ಹೋಯಿತು. ಮಾಲಿಗೆ ಜವಾಬ್ದಾರಿ ಕರೆತಂದವನದೇ ಎಂದು ಐದು, ಆರು ಎರಡೂ ಪಕ್ಷದವರು ಆ ಹೊತ್ತಿಗೆ ರಾಜಿಯಾಗಿದ್ದರು.