ದಿನಕ್ಕೆ ಎರಡಡಿ

ಅಮೀನಗಡದಲ್ಲಿ ಓಣಿಗೊಬ್ಬ ನಿವೃತ್ತ ಮಾಸ್ತರರು ಇದ್ದೇ ಇರುತ್ತಾರೆ. ಅವರನ್ನು ಪಿಂಚಣಿ ನೋಡಿಕೊಳ್ಳುತ್ತದೆ, ಓಣಿಯನ್ನು ಅವರು ನೋಡಿಕೊಳ್ಳುತ್ತಾರೆ. ನಮ್ಮ ಓಣಿಯ ಮಾಸ್ತರರಿಗೆ ಈಚೆಗೆ ಹಿಡಿದದ್ದು ಜೇನು. ಎಲ್ಲೋ ತರಬೇತಿಗೆ ಹೋದರು. ಒಂದು ಪ್ರಮಾಣಪತ್ರ, ಒಂದು ಜಾಳಿಗೆಯ ಟೊಪ್ಪಿಗೆ, ಒಂದು ಕಟ್ಟಿಗೆಯ ಪೆಟ್ಟಿಗೆ ಹೊತ್ತು ಬಂದರು. ಪ್ರಮಾಣಪತ್ರಕ್ಕೆ ಅಂದೇ ಗೋಡೆಯ ಮೇಲೆ ಜಾಗ ಸಿಕ್ಕಿತು. ಟೊಪ್ಪಿಗೆಗೆ ಮೊಳೆ ಸಿಕ್ಕಿತು. ಪೆಟ್ಟಿಗೆಗೆ ಮಾತ್ರ ಇನ್ನೂ ಹುಡುಕುತ್ತಿದ್ದಾರೆ.

ಜಾಗವಿಲ್ಲ ಅಂತಲ್ಲ. ಅವರ ಹಿತ್ತಲಲ್ಲಿ ಬೇವಿದೆ, ನುಗ್ಗೆಯಿದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸದಾ ನೀರು ನಿಂತಿರುತ್ತದೆ. ಬಾಗಿಲು ಪೂರ್ವಕ್ಕಿರಬೇಕು, ಮುಂಜಾನೆಯ ಎಳೆಬಿಸಿಲು ಬೀಳಬೇಕು, ಮಧ್ಯಾಹ್ನ ನೆರಳಿರಬೇಕು, ನೀರು ಹತ್ತಿರ ಸಿಗಬೇಕು, ಗಾಳಿಗೆ ಮರೆ ಬೇಕು ಎಂದು ಅವರೇ ಬರೆದುಕೊಂಡು ಬಂದದ್ದೆಲ್ಲ ಆ ಹಿತ್ತಲನ್ನು ನೋಡಿಯೇ ಹೇಳಿದಂತಿದೆ. "ಮತ್ತ ಅಲ್ಲೇ ಯಾಕ ಇಡೂದಿಲ್ರಿ?" ಎಂದರೆ, "ಎಮ್ಮಿ ಐತಲ್ಲೋ. ಎಮ್ಮಿ ಮೈ ವಾಸನಿ ಹುಳಕ್ಕ ಆಗೂದಿಲ್ಲ" ಎನ್ನುತ್ತಾರೆ. ಆ ಪೆಟಗಿ ಹೊಸ್ತಿಲ ದಾಟಿ ಒಳಗ ಬಂದ ದಿನ ನಾ ಹೊಸ್ತಿಲ ದಾಟಿ ತವರಿಗೆ ಹೊಕ್ಕೀನಿ ಎಂದು ಅವರ ಮನೆಯವರು ಹೇಳಿದ್ದು ಗೋಡೆ ಆಚೆಗೂ ಕೇಳಿಸಿದೆ. ಆದರೂ ನಾವು ಎಮ್ಮೆಯ ಕಾರಣವನ್ನೇ ಒಪ್ಪಿಕೊಂಡಿದ್ದೇವೆ. ಎಮ್ಮೆ ತಕರಾರು ಮಾಡುವುದಿಲ್ಲ.

ಹೀಗಾಗಿ ಮಾಸ್ತರರು ಪರರ ಹಿತ್ತಲುಗಳ ಅಧ್ಯಯನ ಮಾಡುತ್ತಾರೆ. ಕೈಯಲ್ಲಿ ಅಳತೆಯ ಟೇಪು, ಮೊಬೈಲಿನಲ್ಲಿ ದಿಕ್ಸೂಚಿ. ಚಹಾಕ್ಕೆ ಕರೆದವರ ಮನೆಯಲ್ಲಿ ಕಪ್ಪು ಹಿಡಿದುಕೊಂಡೇ ಹಿಂಬಾಗಿಲ ತನಕ ನಡೆದು, "ಭಾಳ ಚಲೋ ಜಾಗಾ" ಎನ್ನುತ್ತಾರೆ. ಅಂದಿನಿಂದ ಆ ಮನೆಯಲ್ಲಿ ಚಹಾಪುಡಿ ತೀರಿರುತ್ತದೆ. ಯಾರಾದರೂ ಹಿಂದೆ ಮುಂದೆ ನೋಡಿದರೆ ಅವರದೊಂದು ಮಾತು ಸಿದ್ಧವಿದೆ: "2008ರಾಗ ಬಾಗಲಕೋಟಿಗೆ ತೋಟಗಾರಿಕೆ ವಿಶ್ವವಿದ್ಯಾಲಯನ ಬಂತು. ನಿಮ್ಮ ಹಿತ್ತಲಕ್ಕ ಒಂದ ಪೆಟಗಿ ಬರಬಾರದ?"

ಅವರ ಪಾಠದಲ್ಲಿ ತಪ್ಪು ಹುಡುಕುವಂತಿಲ್ಲ, ಅದೇ ಫಜೀತಿ. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ, ಪೆಟ್ಟಿಗೆಗೂ ಅದರೊಳಗಿನ ಚೌಕಟ್ಟಿಗೂ ನಡುವೆ ಕಾಲಿಂಚಿಗಿಂತ ತುಸು ಹೆಚ್ಚು ಸಂದು ಬಿಟ್ಟರೆ ಹುಳುಗಳು ಅದನ್ನು ಮುಚ್ಚದೆ ಓಡಾಡಿಕೊಂಡಿರುತ್ತವೆ ಎಂದು ಕಂಡುಕೊಂಡ. ಎರಿಯನ್ನು ಹಿಂಡಿ ಹಾಳುಮಾಡದೆ, ಚೌಕಟ್ಟು ಎತ್ತಿ ನೋಡಿ ಮತ್ತೆ ಇಡುವ ಇಂದಿನ ಸಾಕಣೆಯೆಲ್ಲ ಆ ಸಂದಿನಿಂದಲೇ ಬೆಳೆಯಿತು. ಪೆಟ್ಟಿಗೆಯೊಳಗೆ ಎಷ್ಟು ಸಂದಿರಬೇಕೆಂದು ಪಾದ್ರಿ ಹೇಳಿ ಹೋದ. ಪೆಟ್ಟಿಗೆಗೂ ಪಕ್ಕದ ಮನೆಗೂ ಎಷ್ಟಿರಬೇಕೆಂಬುದನ್ನು ಅಮೀನಗಡಕ್ಕೆ ಬಿಟ್ಟು ಹೋದ.

ಅದಕ್ಕೂ ಮಾಸ್ತರರ ಬಳಿ ಉಪಾಯವಿದೆ. ಗೂಡಿನ ಬಾಗಿಲ ಎದುರು ಆರಡಿ ಎತ್ತರದ ಮರೆ ಇದ್ದರೆ ಹುಳುಗಳು ಹೊರಬಿದ್ದೊಡನೆ ಮೇಲಕ್ಕೇರಿ, ಜನರ ತಲೆಯ ಮೇಲಿನಿಂದ ಹಾದುಹೋಗುತ್ತವೆ. ಇದು ನಿಜ. ಆದರೆ ನಮ್ಮ ಓಣಿಯ ಗೋಡೆಗಳು ನಾಲ್ಕಡಿಯವು, ಆಚೆ ಮನೆಯವರೊಡನೆ ಮಾತಾಡಲು ಅನುಕೂಲವಾಗಲೆಂದು ಅಷ್ಟಕ್ಕೇ ಬಿಟ್ಟವು. "ಮ್ಯಾಲಿನ ಎರಡ ಅಡಿಗೆ ರೊಕ್ಕಾ ಯಾರ ಕೊಡೋರು?" ಎಂಬ ಪ್ರಶ್ನೆಗೆ ಪಾದ್ರಿಯ ಬಳಿಯೂ ಉತ್ತರವಿರಲಿಲ್ಲ.

"ಕಡೀತಾವೇನ್ರಿ?"

"ಇವು ಹೆಜ್ಜೇನಲ್ಲ, ತುಡುವಿ. ಭಾಳ ಸಂಭಾವಿತ. ಕಡದರ ಮುಳ್ಳ ನಿಮ್ಮ ಮೈಯಾಗ ಉಳೀತೈತಿ, ಹುಳಾ ಸಾಯ್ತೈತಿ."

"ಅದು ಸತ್ತರ ನನಗೇನ ಬಂತ್ರಿ?"

ಮುಂದಿನ ಮಾತನ್ನು ಹೇಳದಿದ್ದರೆ ಚೆನ್ನಾಗಿತ್ತು. ಮಾಸ್ತರಿಕೆ ಬಿಟ್ಟೀತೆ, ಹೇಳಿದರು. ಒಂದು ಹುಳು ಕುಟುಕಿದಾಗ ಬಾಳೆಹಣ್ಣಿನಂಥ ವಾಸನೆ ಹೊಮ್ಮುತ್ತದೆ, ಅದು ಉಳಿದವಕ್ಕೆ ಕರೆ. ಆದ್ದರಿಂದ ಪೆಟ್ಟಿಗೆ ಹತ್ತಿರ ಯಾರೂ ಬಾಳೆಹಣ್ಣು ತಿನ್ನಬಾರದು. ಹಣಮಪ್ಪನ ಗುಡಿಯ ಪಕ್ಕದ ಖಾಲಿ ಜಾಗ ಅಲ್ಲಿಗೆ ಕೈತಪ್ಪಿತು.

ಕುರಿ ಸಂತೆಯ ಬಯಲಿನ ಮೂಲೆಯನ್ನೂ ನೋಡಿ ಬಂದರು. ಕೂದಲು, ಉಣ್ಣೆಗಳಲ್ಲಿ ಸಿಕ್ಕಿಕೊಂಡ ಹುಳು ಸಿಟ್ಟಿಗೇಳುತ್ತದೆ. ಸಂತೆಯ ದಿನ ಅಲ್ಲಿ ಉಣ್ಣೆ ಬಿಟ್ಟು ಬೇರೆ ಏನಿದೆ? ಕುರಿಯ ಮೈಮೇಲೆ ಉಣ್ಣೆ, ಕುರಿ ಕಾಯುವವನ ಹೆಗಲ ಮೇಲೆ ಕಂಬಳಿ.

ಆಮೇಲೆ ಹೆದ್ದಾರಿ ಬದಿಯ ಕರದಂಟಿನ ಅಂಗಡಿಯವರೊಬ್ಬರ ಹಿಂದಿನ ಅಂಗಳ. ಬೆಲ್ಲದ ಪಾಕ ಕುದಿಯುವಲ್ಲಿ, ಅಂಟು ಹುರಿಯುವಲ್ಲಿ, ಉತ್ತತ್ತಿ ಹೆಚ್ಚುವಲ್ಲಿ ಜೇನು ಇಡುವುದೆಂದರೆ! "ನಿಮ್ಮ ಹುಳಾ ಸೂರ್ಯಕಾಂತಿಗೆ ಹೋಗ್ತಾವೋ, ನನ್ನ ಕಡಾಯಿಗೆ ಬರ್ತಾವೋ?" ಎಂದು ಅವರು ಕೇಳಿದ್ದು ನ್ಯಾಯವೇ. ಹೂವಿಗೆ ಬರಗಾಲವಿದ್ದಾಗ ಜೇನು ಬೆಲ್ಲಕ್ಕೆ ಮುತ್ತುವುದು ಎಲ್ಲರೂ ಕಂಡದ್ದು. ಮಾಸ್ತರರು ಒಂದು ಕ್ಷಣವೂ ತಡವರಿಸಲಿಲ್ಲ. "ಗೋಕಾಕದ ಕರದಂಟಿಗೆ ಹುಳಾ ಬರೂದಿಲ್ಲಂತ." ಅಂಗಡಿಯವರು ಬಹಳ ಹೊತ್ತು ಸುಮ್ಮನಿದ್ದರು. ಈ ಮಾತನ್ನು ಅಂಗಡಿಯ ಮುಂದೆ ಬೋರ್ಡಿಗೆ ಬರೆಸಬಹುದೇ ಎಂದು ಯೋಚಿಸುತ್ತಿದ್ದರೆಂದು ನನಗೆ ಗುಮಾನಿ. ಕೊನೆಗೆ ಅರ್ಧ ಕಿಲೋ ಕಟ್ಟಿಕೊಟ್ಟು ಕಳಿಸಿದರು. ಜಾಗ ಕೊಡಲಿಲ್ಲ.

ಇಷ್ಟರಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು: ಪೆಟ್ಟಿಗೆಯಲ್ಲಿ ಹುಳುಗಳಿಲ್ಲ. ಇನ್ನೂ ತಂದಿಲ್ಲ. "ಮಲೆನಾಡ ಕಡಿಂದ ಕುಟುಂಬ ತರಬೇಕು, ಅವಸರ ಮಾಡಬಾರದು" ಎನ್ನುತ್ತಾರೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನುಂಗಿ, ಸಾಕಿದವರ ಪೆಟ್ಟಿಗೆಗಳನ್ನು ಖಾಲಿ ಮಾಡಿತ್ತು. ಅಷ್ಟು ಕಷ್ಟ ಕಂಡ ಜಾತಿಯನ್ನು ಸಿಕ್ಕಸಿಕ್ಕಲ್ಲಿ ಇಡಲಾದೀತೆ ಎಂಬುದು ಅವರ ವಾದ. ಇರುವೆ ಹತ್ತದಿರಲೆಂದು ಪೆಟ್ಟಿಗೆಯ ನಾಲ್ಕು ಕಾಲಿಗೆ ನೀರಿನ ಬಟ್ಟಲು ಮಾತ್ರ ಈಗಲೇ ಇಟ್ಟಿದ್ದಾರೆ. ದಿನಾ ನೀರು ಬದಲಿಸುತ್ತಾರೆ.

ಕೊನೆಗೆ ಓಣಿಯ ಹಿರಿಯರು ಸೇರಿ, "ಎಲ್ಲೇ ಒಂದ ಕಡೆ ಇಡ್ರಿ, ಯಾರಿಗರ ತ್ರಾಸಾದ್ರ ಆ ಕಡೆ ಸರಸಿದ್ರಾತು" ಎಂದರು. ಅಲ್ಲಿಗೆ ಮಾಸ್ತರರು ಎದ್ದು ನಿಂತರು. ಹಾಗೆ ಸರಿಸುವಂತಿಲ್ಲ! ಹುಳು ನೆನಪಿಡುವುದು ಪೆಟ್ಟಿಗೆಯನ್ನಲ್ಲ, ಜಾಗವನ್ನು. ಇಪ್ಪತ್ತಡಿ ಆಚೆ ಇಟ್ಟರೆ ಮೇಯಲು ಹೋದವು ಹಳೆಯ ಜಾಗಕ್ಕೇ ಬಂದು ಸುತ್ತುತ್ತವೆ. ಒಂದೋ ಮೈಲಿಗಟ್ಟಲೆ ದೂರ ಒಯ್ಯಬೇಕು, ಇಲ್ಲವೇ ದಿನಕ್ಕೆ ಎರಡು ಮೂರಡಿಯಂತೆ ಸರಿಸುತ್ತ ಹೋಗಬೇಕು.

ಎರಡಡಿ ಎಂಬ ಮಾತು ಕೇಳಿದ್ದೇ ತಡ, ಓಣಿಗೆ ಜೀವ ಬಂತು. ಯಾರ ಮನೆಗೂ ಕಾಯಂ ಆಗಿ ಬೇಡ, ಎಲ್ಲರ ಮನೆ ಮುಂದೆಯೂ ಹಾದುಹೋಗಲಿ! ಮಾಸ್ತರರು ಅಲ್ಲೇ ಹಾಳೆ ತೆಗೆದು ವೇಳಾಪಟ್ಟಿ ಬರೆದರು. ಯುಗಾದಿಗೆ ಬಾವಿಕಟ್ಟೆಯಿಂದ ಹೊರಟರೆ ಬಸವ ಜಯಂತಿ ಹೊತ್ತಿಗೆ 60 ಅಡಿ ದಾಟಿ ಹಿಟ್ಟಿನ ಗಿರಣಿಯ ಮುಂದೆ. ಗಿರಣಿಯವರು ಹಬ್ಬದ ಗಿರಾಕಿ ಕೆಡುತ್ತದೆಂದು ತಕರಾರು ತೆಗೆದರು. ಮಗಳ ಮದುವೆ ಇದ್ದವರು ಆ ವಾರ ಪೆಟ್ಟಿಗೆ ದಿನಕ್ಕೆ ಮೂರಡಿ ಓಡಲಿ ಎಂದರು. ತುಪ್ಪದ ಮಾತು ಬಂದದ್ದು ಆಗಲೇ: ಯಾರ ಮನೆ ಮುಂದೆ ಇದ್ದಾಗ ಜೇನುತುಪ್ಪ ತುಂಬುತ್ತದೋ ಅದು ಅವರದೇ? ಪೆಟ್ಟಿಗೆಯನ್ನು ಈವರೆಗೆ ಯಾರೂ ಬೇಕೆಂದಿರಲಿಲ್ಲ. ಈಗ ಅದನ್ನು ತಮ್ಮ ಬಾಗಿಲಲ್ಲಿ ಇನ್ನೆರಡು ದಿನ ನಿಲ್ಲಿಸಿಕೊಳ್ಳಲು ಜಗಳ.

"ನಮ್ಮನಿ ಮುಂದ ಹುಣ್ಣಿವಿ ದಿನ ಬರಿದೀರಿ. ಹುಣ್ಣಿವಿಗೆ ಹುಳಾ ತುಪ್ಪಾ ಎಲ್ಲಾ ಕುಡದ ಬಿಡ್ತಾವು" ಎಂದಳು ಮೂಲೆಮನೆ ಅಜ್ಜಿ. "ಅಮಾಸಿಗೆ ಹಾಕ್ರಿ."

"ಕುಡಿಯೂದು ಅಮಾಸಿಗೆ" ಎಂದರು ಎದುರುಮನೆ ಅಜ್ಜ. ಅಮಾವಾಸ್ಯೆ ಅವರ ಪಾಲಿಗೆ ಬಿದ್ದಿತ್ತು.

ಮಾಸ್ತರರು ಹಾಳೆಯ ಮೇಲಿನದನ್ನು ರಬ್ಬರಿನಿಂದ ಉಜ್ಜಿ, ಪಂಚಾಂಗ ತರಲು ಹುಡುಗನನ್ನು ಓಡಿಸಿದರು.