ಕೂಲೆಂಟ್ ರಾಯರು

ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಕನ್ನಡಿಗರ ಮನೆಗಳಿರುವ ಯಾವ ಬಡಾವಣೆಗೆ ಹೋದರೂ ಒಬ್ಬ ಕೂಲೆಂಟ್ ರಾಯರು ಸಿಗುತ್ತಾರೆ. ಹೆಸರು ರಾವ್ ಆಗಿರಲೇಬೇಕೆಂದಿಲ್ಲ, ಗೌಡರೂ ಆಗಬಹುದು, ಹೆಗಡೆಯವರೂ ಆಗಬಹುದು. ವಯಸ್ಸು ಐವತ್ತೈದು ದಾಟಿರಬೇಕು, ಮನೆಸಾಲ ತೀರಿರಬೇಕು, ಮಕ್ಕಳು ಕಾಲೇಜು ಮುಗಿಸಿರಬೇಕು, ಗ್ಯಾರೇಜಿನಲ್ಲಿ ಒಂದು ಹಳೇ ಸ್ಪೋರ್ಟ್ಸ್ ಕಾರು ಹೊದಿಕೆ ಹೊದ್ದು ಮಲಗಿರಬೇಕು. ಅದು ಹೆಚ್ಚು ಓಡಿರಬಾರದು.

ನಮ್ಮ ಫ್ರೀಮಾಂಟಿನ ರಾಯರದ್ದು 2001ರ ಪೋರ್ಶೆ ಬಾಕ್ಸ್‌ಸ್ಟರ್. ಓಡಿರುವುದು 31,000 ಮೈಲಿ. ಮಗಳಿಗೆ ಬರ್ಕ್ಲಿಯಲ್ಲಿ ಸೀಟು ಸಿಕ್ಕಿದ್ದನ್ನು ಕೇಳಿದವರಿಗೆ ಮಾತ್ರ ಹೇಳಿದ ರಾಯರು ಈ ಅಂಕಿಯನ್ನು ಕೇಳದವರಿಗೂ ಹೇಳುತ್ತಾರೆ. "ಎಷ್ಟು ಸ್ಪೀಡ್ ಹೋಗುತ್ತೆ ರಾಯರೇ?" ಅಂದಿರೋ, ಮುಖ ಸಣ್ಣಗಾಗುತ್ತದೆ. "ಬೇಸಿಗೇಲಿ ಬಿಸಿಯಾಗಲ್ವಾ?" ಅನ್ನಿ, ಒಳಗಿನಿಂದ ಕಾಫಿ ಬರುತ್ತದೆ.

ಹೊಸಬರು ಬಂದರೆ ಮೊದಲು ಒಂದು ಪ್ರದರ್ಶನ. ಮುಂದಿನ ಬಾನೆಟ್ ಎತ್ತುತ್ತಾರೆ. ಒಳಗೆ ಸೂಟ್‌ಕೇಸ್ ಇಡುವ ಗುಂಡಿ. ಹಿಂದಿನ ಡಿಕ್ಕಿ ತೆಗೆಯುತ್ತಾರೆ. ಅಲ್ಲೂ ಸೂಟ್‌ಕೇಸ್ ಇಡುವ ಗುಂಡಿ. "ಎಂಜಿನ್ ಎಲ್ಲಿ?" ಎಂದು ಬಂದವರು ಕಂಗಾಲಾಗುವುದನ್ನೇ ರಾಯರು ಕಾಯುತ್ತಿರುತ್ತಾರೆ. ಎಂಜಿನ್ ಸೀಟುಗಳ ಬೆನ್ನ ಹಿಂದೆ ಹುದುಗಿದೆ, ಸುಲಭಕ್ಕೆ ಯಾರಿಗೂ ದರ್ಶನವಿಲ್ಲ. ಅದನ್ನು ತಣಿಸುವ ಎರಡು ರೇಡಿಯೇಟರ್‌ಗಳು ಮಾತ್ರ ಮುಂದಿನ ಚಕ್ರಗಳ ಮುಂದೆ, ಬಂಪರಿನ ಎಡಕ್ಕೊಂದು ಬಲಕ್ಕೊಂದು. ಬಿಸಿ ಹುಟ್ಟುವುದು ಒಂದು ಕಡೆ, ಆರುವುದು ಇನ್ನೊಂದು ಕಡೆ, ನಡುವೆ ಕಾರಿನ ಹೊಟ್ಟೆಯಡಿ ಉದ್ದಕ್ಕೂ ಪೈಪು, ಅದರೊಳಗೆ ಹರಿಯುವ ತಣಿಸುವ ದ್ರವವೇ ಕೂಲೆಂಟ್. ಭಕ್ತರಿಗೆ ನೇರವಾಗಿ ಕಾಣುವುದು ಡಿಕ್ಕಿಯ ಮೂಲೆಯಲ್ಲಿರುವ ಕೂಲೆಂಟ್ ತೊಟ್ಟಿಯ ಮುಚ್ಚಳ. ಹೀಗಾಗಿ ಭಕ್ತಿಯೆಲ್ಲ ಅಲ್ಲಿಗೇ ಹರಿದಿದೆ.

ಆ ಮುಚ್ಚಳವೂ ಸಾಮಾನ್ಯದ್ದಲ್ಲ. ಕಂಪನಿ ಅದನ್ನು ತಿದ್ದಿ ತಿದ್ದಿ ಹೊಸದಾಗಿ ತಂದಿದೆ, ಪಾರ್ಟ್ ನಂಬರಿನ ಕೊನೆಯಲ್ಲಿ 04 ಇದ್ದರೆ ಉತ್ತಮ ಜಾತಿ, 01 ಇದ್ದರೆ ಹಳತು. ಒಮ್ಮೆ ಕಾಸ್ಟ್ಕೊ ಪಾರ್ಕಿಂಗಿನಲ್ಲಿ ಇನ್ನೊಂದು ಬಾಕ್ಸ್‌ಸ್ಟರ್ ನಿಂತಿತ್ತು. ರಾಯರು ಅದರ ಯಜಮಾನ ಬರುವ ತನಕ ಕಾದು, ನಮಸ್ಕಾರವಿಲ್ಲ ಗಿಮಸ್ಕಾರವಿಲ್ಲ, "ನಿಮ್ಮ ಮುಚ್ಚಳದ ಕೊನೇ ಅಂಕಿ ಎಷ್ಟು?" ಎಂದು ಕೇಳಿದರು. ಆ ಅಮೆರಿಕನ್ನನಿಗೆ ಗಾಬರಿಯಾಗಬೇಕಿತ್ತು. ಆತ ತಕ್ಷಣ ಡಿಕ್ಕಿ ತೆಗೆದು ತೋರಿಸಿದ. ಅವನೂ ತನ್ನ ಊರಿನ ಕೂಲೆಂಟ್ ರಾಯರೇ.

ಮೈಲಿ ಉಳಿಸಿದರೆ ಕಾರು ಉಳಿಯುತ್ತದೆ ಎನ್ನುವುದು ರಾಯರ ಮೂಲ ಸಿದ್ಧಾಂತ. ತೊಂದರೆಯೇನೆಂದರೆ ಕೂಲೆಂಟಿಗೆ ಮೈಲಿ ಲೆಕ್ಕ ಬರುವುದಿಲ್ಲ, ಅದು ಕ್ಯಾಲೆಂಡರ್ ನೋಡುತ್ತದೆ. ಅದರೊಳಗೆ ತುಕ್ಕು ತಡೆಯಲು ಬೆರೆಸಿದ ರಾಸಾಯನಿಕಗಳು ಕಾರು ನಿಂತಲ್ಲೇ ನಿಂತರೂ ವರ್ಷಗಳಲ್ಲಿ ಸವೆಯುತ್ತವೆ. ರಬ್ಬರ್ ಹೋಸ್ ಗಟ್ಟಿಯಾಗಿ ಬಿರಿಯುತ್ತದೆ. ಓಡದ ಕಾರಿನ ವಾಟರ್ ಪಂಪಿನ ಸೀಲು ಒಣಗಿ ತೊಟ್ಟಿಕ್ಕುತ್ತದೆ. ಪ್ಲಾಸ್ಟಿಕ್ ತೊಟ್ಟಿ ಹಳದಿಗಟ್ಟಿ, ಕೂದಲೆಳೆಯಷ್ಟು ಸೀಳುಬಿಟ್ಟು, ಡಿಕ್ಕಿಯ ಕಾರ್ಪೆಟ್ ಒದ್ದೆ ಮಾಡುತ್ತದೆ. ದಿನಾ ಓಡಿಸುವವನಿಗೆ ಬರುವ ರೋಗಗಳೆಲ್ಲ ಓಡಿಸದ ರಾಯರಿಗೂ ಬರುತ್ತವೆ, ಓಡಿಸಿದ ಖುಷಿಯೊಂದು ಬಿಟ್ಟು.

ಕೂಲೆಂಟಿಗೆ ಸಿಹಿ ವಾಸನೆ. ಅಕ್ಕ (ರಾಯರ ಮನೆಯವರು ನಮಗೆಲ್ಲ ಅಕ್ಕ) ಒಲೆಯ ಮೇಲೆ ಕೇಸರಿಬಾತಿಗೆ ಸಕ್ಕರೆ ಸುರಿದರೆ ಸಾಕು, ರಾಯರು ಟಾರ್ಚ್ ಹಿಡಿದು ಗ್ಯಾರೇಜಿಗೆ ಓಡುತ್ತಾರೆ. ಮನೆಮಂದಿಗೆ ನಲ್ಲಿ ನೀರು, ಕಾರಿಗೆ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರಿನ ಸುಣ್ಣದಂಶ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ ಎನ್ನುವುದು ನಿಜವೇ. "ನಮ್ಮ ಕಿಡ್ನೀಲಿ ಕಟ್ಕೊಳಲ್ವಾ?" ಎಂದು ಅಕ್ಕ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಇನ್ನು ಕೂಲೆಂಟಿನ ಬಣ್ಣದ ವಿಚಾರ. ಬಣ್ಣ ಬರೀ ಬಣ್ಣ, ನೋಡಬೇಕಾದದ್ದು ಒಳಗಿನ ರಸಾಯನ. ಆದರೂ ಸ್ಮಾರ್ತರಿಗೂ ವೈಷ್ಣವರಿಗೂ ಏಕಾದಶಿ ಯಾವತ್ತೆಂಬ ತಗಾದೆ ಒಂದು ದಿನ ತೀರಬಹುದು, ಹಸಿರೋ ಗುಲಾಬಿಯೋ ಎಂಬುದು ತೀರುವಂಥದ್ದಲ್ಲ.

ರಾಯರ ಬೀದಿಯಲ್ಲೇ ಒಬ್ಬ ಮುದುಕನ ಬಳಿ ಗಾಳಿಯಿಂದಲೇ ತಣಿಯುವ ಹಳೇ ಪೋರ್ಶೆ 911 ಇದೆ. 911ರಲ್ಲಿ ಕಂಪನಿ ಆ ಸಂಪ್ರದಾಯವನ್ನು 1998ರವರೆಗೂ ಬಿಟ್ಟುಕೊಡಲಿಲ್ಲ, 1996ರಲ್ಲಿ ಬಂದ ಬಾಕ್ಸ್‌ಸ್ಟರ್ ಮಾತ್ರ ಹುಟ್ಟಿನಿಂದಲೇ ನೀರಿನ ಪಂಗಡ. ಮುದುಕ ವಾಕಿಂಗ್ ಹೋಗುವಾಗ ಗ್ಯಾರೇಜಿನೊಳಗೆ ಇಣುಕಿ, "ಗಾಳಿ ಸೋರಲ್ಲ ನೋಡಿ" ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ರಾಯರ ಆ ದಿನ ಹಾಳು.

ಓಡಿಸುವುದೇ ಇಲ್ಲವೇ ಎಂದರೆ, ಉಂಟು. ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ. ಕಳೆದ ಜುಲೈಯಲ್ಲಿ ಹಾಗೆ ಹೋಗಿ ಬರುವಾಗ 680ನೇ ಹೆದ್ದಾರಿಯ ಸುನೋಲ್ ಏರಿನಲ್ಲಿ ಟ್ರಾಫಿಕ್ ಕಟ್ಟಿಕೊಂಡಿತು. ಕೂಲೆಂಟಿನ ತಾಪ ತೋರುವ ಮೀಟರಿನ ನಡುವೆ 180 ಎಂಬ ಅಂಕಿ. ಮುಳ್ಳು 8ರ ಮೇಲಿದ್ದರೆ ರಾಯರು ಸುಪ್ರಭಾತ ಗುನುಗುತ್ತಾರೆ, ಸೊನ್ನೆಗೆ ಬಂದರೆ ನಿಲ್ಲಿಸುತ್ತಾರೆ. ಅವತ್ತು ಸೊನ್ನೆಯನ್ನೂ ದಾಟಿತು. ರಾಯರು ಮೊದಲು ಎಸಿ ಆರಿಸಿದರು. ಆಮೇಲೆ ಹೀಟರ್ ಹಾಕಿದರು, ಪೂರ್ತಿ.

"ರೀ, ಹೊರಗೇ ಬೆಂಕಿ ಸುರೀತಿದೆ, ಒಳಗೂ ಯಾಕ್ರೀ?"

"ಸುಮ್ನಿರೇ. ಹೀಟರ್ ಅಂದ್ರೆ ಅದೂ ಒಂದು ಪುಟ್ಟ ರೇಡಿಯೇಟರ್. ಎಂಜಿನ್ ಬಿಸಿ ನಮ್ಮ ಕಡೆ ಬರ್ಲಿ."

ಬಂತು. ತಾಪ 100 ಡಿಗ್ರಿ ಫ್ಯಾರನ್‌ಹೀಟ್, ಮೇಲೆ ತೆರೆದ ಟಾಪ್, ಕಾಲ ಬಳಿ ಬಿಸಿಗಾಳಿ, ತೊಡೆಯ ಮೇಲೆ ಪ್ರಸಾದದ ಪೊಟ್ಟಣ. ಅಕ್ಕ ರೇಷ್ಮೆ ಸೀರೆಯಲ್ಲಿ ಬೆಂದರು, ಎಂಜಿನ್ ಉಳಿಯಿತು. ಅಕ್ಕನಿಗೆ ಸಿಟ್ಟು ಬಂದದ್ದು ಹೀಟರಿಗಲ್ಲವಂತೆ, ಮುಳ್ಳು ಇಳಿದಾಗ ರಾಯರು "ಅಬ್ಬಾ, ತಣ್ಣಗಾಯ್ತು" ಎಂದದ್ದಕ್ಕೆ.

ಮರುದಿನ ಬಂಪರ್ ಬಿಚ್ಚಿದರು. ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಒಣಗಿದೆಲೆ, ಹಕ್ಕಿ ಪುಕ್ಕ, ಒಂದು ಚಾಕ್ಲೆಟ್ ಕಾಗದ, ಒತ್ತಿ ಒತ್ತಿ ಗೊಬ್ಬರವಾಗುವ ಹಂತದಲ್ಲಿತ್ತು. ಜೊತೆಗೆ ಫ್ಯಾನಿನ ನಿಧಾನಗತಿಯ ರೆಸಿಸ್ಟರ್ ಸುಟ್ಟಿತ್ತು. ಅದು ಹೋದರೆ ನೀರು ಕಾದು ಕಾದು ಮಿತಿ ಮೀರಿದ ಮೇಲಷ್ಟೇ ಫ್ಯಾನು ಒಮ್ಮೆಲೇ ಬೊಬ್ಬೆ ಹೊಡೆಯುತ್ತದೆ. ಈ ಕಾರುಗಳಲ್ಲಿ ಮಾಮೂಲಿ ಕಾಯಿಲೆ. ಮೆಕ್ಯಾನಿಕ್, "ಸಾರ್, ವಾರಕ್ಕೊಮ್ಮೆ ಚೆನ್ನಾಗಿ ಓಡಿಸಿ, ಅರ್ಧ ಕಾಯಿಲೆ ಇರಲ್ಲ" ಎಂದ. ರಾಯರು ಮೆಕ್ಯಾನಿಕ್‌ನನ್ನು ಬದಲಾಯಿಸಿದರು.

ಆಮೇಲೆ ಹೊಸ ಪಂಪು, ಹೊಸ ಥರ್ಮೋಸ್ಟಾಟ್, ಹೊಸ ತೊಟ್ಟಿ, ಹೋಸ್‌ಗಳು. ಗಾಳಿಗುಳ್ಳೆ ಉಳಿಯದಂತೆ ವ್ಯಾಕ್ಯೂಮ್ ಎಳೆದು ಕೂಲೆಂಟ್ ತುಂಬಿಸಿದ್ದಾಯಿತು. ಹಳೆಯದನ್ನು ಡಬ್ಬಿಗೆ ಹಾಕಿ, ನಾಯಿ ಬೆಕ್ಕು ನೆಕ್ಕಿ ಸಾಯದಂತೆ ಬಿಗಿದು, ಕೌಂಟಿಯ ತ್ಯಾಜ್ಯ ಕೇಂದ್ರಕ್ಕೆ ಒಪ್ಪಿಸಿದರು. ಈ ವಿಷಯದಲ್ಲಿ ರಾಯರಿಗೆ ಕೈ ಮುಗಿಯಬೇಕು, ಮೋರಿಗೆ ಸುರಿಯುವ ಜಾತಿಯಲ್ಲ ಅವರು. ಸಂಜೆ ನಮ್ಮನ್ನೆಲ್ಲ ಕರೆದು ಘೋಷಿಸಿದರು: ಆಗಸ್ಟಿನಲ್ಲಿ ಲೇಕ್ ಟಾಹೋ, ಬಾಕ್ಸ್‌ಸ್ಟರಿನಲ್ಲೇ.

ಹೊರಡುವ ಹಿಂದಿನ ರಾತ್ರಿ ರಾಯರು ಹವಾಮಾನ ನೋಡಿದರು. ಸ್ಯಾಕ್ರಮೆಂಟೊ ಕಡೆ ಸೆಕೆ. ಅದಾದ ಮೇಲೆ 80ನೇ ಹೆದ್ದಾರಿಯಲ್ಲಿ ಡಾನರ್ ಪಾಸಿನವರೆಗೆ 7,200 ಅಡಿಯ ಏರು. ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಮುಚ್ಚಿಯೇ ಇತ್ತು. ರಾಯರು ಟಾಹೋಗೆ ಹೋಗಿ ಬಂದದ್ದು ಅಕ್ಕನ ಕ್ಯಾಮ್ರಿಯಲ್ಲಿ. 1,80,000 ಮೈಲಿ ಓಡಿದ, ತೊಳೆಸಿ ಎಷ್ಟೋ ಕಾಲವಾದ ಕ್ಯಾಮ್ರಿ. ನಾಲ್ಕು ಜನ, ಪುಳಿಯೋಗರೆ ಡಬ್ಬ, ಎಸಿ ಪೂರ್ತಿ.

"ಅಂದ ಹಾಗೆ ಇದರ ಕೂಲೆಂಟ್ ಯಾವಾಗ ಬದಲಾಯಿಸಿದ್ದು ರಾಯರೇ?" ಎಂದು ಕೇಳಿದೆ.

ರಾಯರು ಕ್ಯಾಮ್ರಿಯನ್ನು ಮೊದಲ ಸಲ ನೋಡುವವರಂತೆ ನೋಡಿ, ಒಳಗೆ ತಿರುಗಿ ಕೂಗಿದರು: "ಲೇ, ಇದಕ್ಕೂ ಕೂಲೆಂಟ್ ಇದೆಯೇನೇ?"