ಕಾಚಕವಾಟ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಗ್ರಂಥದ ವಿಷಯ, ಬ್ರಿಟನ್ನಿನ ಸ್ನಾನದ ಕೋಣೆಗಳಲ್ಲಿ ಬಾತ್‌ಟಬ್ಬಿನ ಅಂಚಿನ ಮೇಲೆ, ಗೋಡೆಗೆ ಕೀಲು ಕಚ್ಚಿಕೊಂಡು ನಿಂತಿರುವ ಒಂಟಿ ಗಾಜಿನ ಹಲಗೆ. ಪ್ರಯೋಜನ, ಷವರಿನ ನೀರು ನೆಲಕ್ಕೆ ಸಿಡಿಯದಂತೆ ತಡೆಯುವುದು. ಸಂಬಂಧ, ಆ ಹಲಗೆಗೂ ಆ ಪ್ರಯೋಜನಕ್ಕೂ ಇದೆಯೆಂದು ಅಂಗಡಿಯವರು ಹೇಳುವ ನಂಟು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹತೆಯುಳ್ಳವನು, ಒಮ್ಮೆಯಾದರೂ ಒದ್ದೆ ಕಾಲುಚೀಲದಲ್ಲಿ ಕೆಲಸಕ್ಕೆ ಹೋದವನು.

ಇನ್ನು ಲಕ್ಷಣ. ಆ ದೇಶದ ಟಬ್ಬಿನ ಮಾಮೂಲು ಅಳತೆ, ಉದ್ದ 1700 ಮಿಲಿಮೀಟರ್, ಅಗಲ 700. ಅದರ ಮೇಲೆ ಬರುವ ಹಲಗೆ ಸಾಮಾನ್ಯವಾಗಿ 800 ಅಗಲ, 1400 ಎತ್ತರ, 6 ಮಿಲಿಮೀಟರ್ ದಪ್ಪ. ಗಾಜು ಘನ ಮೀಟರಿಗೆ 2500 ಕಿಲೊ ತೂಗುತ್ತದಾದ್ದರಿಂದ ಈ ಹಲಗೆಯ ಭಾರ ಹತ್ತಿರ ಹತ್ತಿರ 17 ಕಿಲೊ. ಅಷ್ಟನ್ನೂ ಒಂದೇ ಗೋಡೆಯ ನಾಲ್ಕಾರು ತಿರುಪುಗಳು ಹೊತ್ತಿರುತ್ತವೆ. ಇಲ್ಲಿಯವರೆಗೆ ವಿವಾದವಿಲ್ಲ. ಆದರೆ 1700ರಲ್ಲಿ 800 ಕಳೆದರೆ 900 ಉಳಿಯುತ್ತದೆ ಎಂಬುದನ್ನು ಗಮನಿಸಿದ ಯಾವ ಪಂಡಿತನೂ ಸುಮ್ಮನಿರಲಾರ. ನೀರು ತಡೆಯಲೆಂದೇ ಹುಟ್ಟಿದ ವಸ್ತು, ತಾನು ಕಾಯಬೇಕಾದ ಗಡಿಯ ಅರ್ಧಕ್ಕಿಂತ ಹೆಚ್ಚನ್ನು ಮೊದಲ ದಿನವೇ ಬಿಟ್ಟುಕೊಟ್ಟಿದೆ. ಚಿತ್ರದುರ್ಗದ ಕೋಟೆಯಲ್ಲಿ ಒಂದೇ ಒಂದು ಕಿಂಡಿ ಉಳಿದಿದ್ದಕ್ಕೆ ಓಬವ್ವ ಒನಕೆ ಹಿಡಿಯಬೇಕಾಯಿತು. ಇಲ್ಲಿ ಕಿಂಡಿಯೇ ಕೋಟೆಗಿಂತ ದೊಡ್ಡದು.

ಸ್ಲೌ, ರೆಡಿಂಗ್, ಮಿಲ್ಟನ್ ಕೀನ್ಸ್‌ಗಳಲ್ಲಿ ಬಾಡಿಗೆಗಿರುವ ಕನ್ನಡದ ಸಾಫ್ಟ್‌ವೇರ್ ಹುಡುಗರ ಮನೆಗೆ ಊರಿನಿಂದ ಬರುವ ತಾಯಂದಿರು ಈ ಲೆಕ್ಕವನ್ನು ಟೇಪು ಹಿಡಿಯದೆಯೇ ಮಾಡುತ್ತಾರೆ. "ಇದೇನೋ ಮಗನೆ, ಬಾಗಿಲು ಅರ್ಧಕ್ಕೇ ಮುಗಿದುಹೋಯ್ತಲ್ಲ, ದುಡ್ಡು ಸಾಲದೆ ಹೋಯ್ತಾ?" ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಯಾವ ಕಂಪನಿಯ ಕೈಪಿಡಿಯಲ್ಲೂ ಇಲ್ಲ.

ಆದ್ದರಿಂದ ಪೂರ್ವಪಕ್ಷವನ್ನು ಆ ತಾಯಿಯ ಬಾಯಲ್ಲೇ ಕೇಳುವುದು ನ್ಯಾಯ. ನೀರು ಹೊರಗೆ ಬಿದ್ದರೆ ಬೀಳಲಿ, ಬಚ್ಚಲುಮನೆ ಒದ್ದೆಯಾಗದೆ ದೇವರಮನೆ ಒದ್ದೆಯಾಗಬೇಕೇ ಎಂಬುದು ಅವರ ವಾದ. ಗಟ್ಟಿ ವಾದವೇ. ಕರ್ನಾಟಕದ ಬಚ್ಚಲಿಗೆ ಇಳಿಜಾರಿದೆ, ಮೂಲೆಯಲ್ಲಿ ಜಾಲರಿಯಿದೆ, ಅದರಾಚೆ ಮೋರಿಯಿದೆ; ಇಡೀ ನೆಲವೇ ತೊಟ್ಟಿ, ಮನುಷ್ಯ ಅದರ ನಡುವೆ ಮಣೆ ಹಾಕಿ ಕೂತಿರುವವನು. ಅಲ್ಲಿ ಸಿಡಿದ ನೀರು ಅಪರಾಧವಲ್ಲ, ನೆಲ ತೊಳೆಯುವ ಕೆಲಸದ ಮೊದಲ ಕಂತು.

ಸಿದ್ಧಾಂತಿ ಇದನ್ನು ಹೀಗೆ ಖಂಡಿಸುತ್ತಾನೆ. ಇಂಗ್ಲೆಂಡಿನ ಮಾಮೂಲಿ ಮನೆಯಲ್ಲಿ ಸ್ನಾನದ ಕೋಣೆ ಇರುವುದು ಮಹಡಿಯ ಮೇಲೆ. ನೆಲ ಮರದ ಹಲಗೆಗಳದ್ದು. ಇಳಿಜಾರಿಲ್ಲ, ಜಾಲರಿಯಿಲ್ಲ. ನೆಲಕ್ಕೆ ಬಿದ್ದ ನೀರಿಗೆ ಇರುವುದು ಒಂದೇ ದಾರಿ, ಕೆಳಗಿನ ಕೋಣೆಯ ಚಾವಣಿ. ಅಲ್ಲಿ ಅದು ಮೊದಲು ಹಳದಿ ಕಲೆಯಾಗಿ, ಆಮೇಲೆ ಗುರುತು ಹಿಡಿಯಲಾಗದ ಯಾವುದೋ ಖಂಡದ ಭೂಪಟವಾಗಿ, ಕೊನೆಗೆ ಮನೆ ಮಾಲೀಕ ಹಿಡಿದಿಟ್ಟುಕೊಳ್ಳುವ ಮುಂಗಡದ ಮೊತ್ತವಾಗಿ ಪ್ರಕಟವಾಗುತ್ತದೆ. ನೀರು ಹೊರಗೆ ಬಂದೇ ಬರುತ್ತದೆಂಬುದಕ್ಕೆ ಆಪ್ತವಾಕ್ಯವೂ ಉಂಟು. ಅಲ್ಲಿನ ವಿದ್ಯುತ್ ವೈರಿಂಗ್ ನಿಯಮಾವಳಿ, ಬಿಎಸ್ 7671, ಸ್ನಾನದ ಕೋಣೆಯನ್ನು ವಲಯಗಳಾಗಿ ವಿಂಗಡಿಸಿ, ಟಬ್ಬಿನ ಅಂಚಿನಿಂದ ಹೊರಕ್ಕೆ 60 ಸೆಂಟಿಮೀಟರ್ ಜಾಗವನ್ನು ಎರಡನೆಯ ವಲಯವೆಂದು ಗುರುತಿಸಿ, ಅಲ್ಲಿ ಬರುವ ದೀಪ, ಫ್ಯಾನುಗಳು ನೀರ ಹನಿ ತಡೆಯುವಂಥವೇ ಆಗಿರಬೇಕೆಂದು ವಿಧಿಸಿದೆ. ದೀಪ ಹೊತ್ತಿಸಲು ಚಾವಣಿಯಿಂದ ದಾರ ಇಳಿಬಿಟ್ಟಿರುವುದೂ ಒದ್ದೆ ಕೈಯ ಭಯದಿಂದಲೇ. ಇಷ್ಟು ಭಯಪಟ್ಟ ಜನ 900 ಮಿಲಿಮೀಟರನ್ನು ಮಾತ್ರ ದೇವರ ಮೇಲೆ ಭಾರ ಹಾಕಿ ಬಿಟ್ಟದ್ದೇಕೆ?

ಪ್ರಬಂಧಕಾರನ ಮೂಲ ಸಿದ್ಧಾಂತ ಇಲ್ಲಿದೆ. ದೋಷ ಗಾಜಿನದ್ದಲ್ಲ, ಭಂಗಿಯದ್ದು. ಬಾತ್‌ಟಬ್ ಮಲಗಿ ಮೀಯಲು ಮಾಡಿದ ಪಾತ್ರೆ. ಅದರಲ್ಲಿ ಜನ ಎದ್ದು ನಿಂತ ದಿನ ಈ ಸಮಸ್ಯೆ ಹುಟ್ಟಿತು. ತರ್ಕಶಾಸ್ತ್ರದ ಐದು ಅವಯವಗಳಲ್ಲಿ ಹೇಳುವುದಾದರೆ: ಈ ನೆಲ ಒದ್ದೆಯಾಗುತ್ತದೆ, ಇದು ಪ್ರತಿಜ್ಞೆ. ಮಲಗಬೇಕಾದಲ್ಲಿ ನಿಂತಿರುವುದರಿಂದ, ಇದು ಹೇತು. ಎಲ್ಲೆಲ್ಲಿ ಹಾಗೆ ನಿಲ್ಲುತ್ತಾರೋ ಅಲ್ಲಲ್ಲಿ ಒದ್ದೆ, ಯುರೋಪಿನ ಹೋಟೆಲಿನಂತೆ, ಇದು ಉದಾಹರಣೆ. ಇಲ್ಲಿಯೂ ನಿಂತಿದ್ದಾರೆ, ಇದು ಉಪನಯ. ಮ್ಯಾಟು ತೆಗೆದು ಹಿಂಡಿ, ಇದು ನಿಗಮನ.

ಎದ್ದು ನಿಂತ ಇತಿಹಾಸ ತೀರ ಹಳೆಯದೇನಲ್ಲ. 1951ರ ಜನಗಣತಿಯ ಹೊತ್ತಿಗೂ ಬ್ರಿಟನ್ನಿನ ಮೂರು ಮನೆಗಳಲ್ಲಿ ಒಂದಕ್ಕಿಂತ ಹೆಚ್ಚಿಗೆ ಖಾಯಂ ಸ್ನಾನದ ತೊಟ್ಟಿಯೇ ಇರಲಿಲ್ಲ. ಹಿತ್ತಲಿನ ಮೊಳೆಗೆ ನೇತುಹಾಕಿದ ತಗಡಿನ ತೊಟ್ಟಿಯನ್ನು ವಾರಕ್ಕೊಮ್ಮೆ ಒಲೆಯ ಮುಂದಕ್ಕೆ ತಂದು, ಕಾಯಿಸಿದ ನೀರು ಸುರಿದು, ಒಂದೇ ನೀರಿನಲ್ಲಿ ಮನೆಮಂದಿಯೆಲ್ಲ ಸರದಿಯಲ್ಲಿ ಮೀಯುತ್ತಿದ್ದರು. ಆಮೇಲೆ ಕೊಳಾಯಿಯಿರುವ ಟಬ್ಬು ಬಂತು. ಎರಡು ನಲ್ಲಿಗಳ ಬಾಯಿಗೆ ಸಿಕ್ಕಿಸುವ ಕವಲೊಡೆದ ರಬ್ಬರ್ ಕೊಳವೆಯೂ ಬಂತು. ಅದು ತಲೆ ತೊಳೆಯಲೆಂದು ಮಾಡಿದ್ದು, ನೀರಿನ ಒತ್ತಡ ಹೆಚ್ಚಿದರೆ ಒಂದು ಕಡೆ ಕಿತ್ತುಕೊಂಡು ಹಾವಿನ ಹಾಗೆ ಎದ್ದು ಆಡುತ್ತಿತ್ತು. ಕೋಣೆ ಚಿಕ್ಕದಾದ್ದರಿಂದ ಷವರಿಗೆ ಬೇರೆ ಜಾಗ ಸಿಗಲಿಲ್ಲ, ಟಬ್ಬಿನ ತಲೆಯ ಮೇಲೆಯೇ ಏರಿಸಿದರು. 1970ರ ದಶಕದ ಬ್ರಿಟಿಷರು ಬೆಣ್ಣೆಹಣ್ಣಿನ ಬಣ್ಣದ ಟಬ್ಬಿನ ಸುತ್ತ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸುವಷ್ಟು ಧೈರ್ಯಶಾಲಿಗಳಾಗಿದ್ದರು. ಕಾರ್ಪೆಟ್ಟಿನ ಮೇಲೆ ಷವರ್! ಹೀಗಿರುವಾಗ ತಡೆಗೋಡೆಯ ಅಗತ್ಯ ಯಾರಿಗೂ ವಿವರಿಸಿ ಹೇಳಬೇಕಾದದ್ದಲ್ಲ.

ಈ ಕ್ಷೇತ್ರದ ಇತಿಹಾಸಕಾರರನ್ನು ನಂಬುವ ಮುನ್ನ ಒಂದು ಎಚ್ಚರಿಕೆ. 1917ರ ಡಿಸೆಂಬರ್ 28ರಂದು ಎಚ್. ಎಲ್. ಮೆಂಕೆನ್ ಎಂಬ ಅಮೆರಿಕದ ಪತ್ರಕರ್ತ ನ್ಯೂಯಾರ್ಕ್ ಈವ್ನಿಂಗ್ ಮೇಲ್ ಪತ್ರಿಕೆಯಲ್ಲಿ ಬಾತ್‌ಟಬ್ಬಿನ ಚರಿತ್ರೆ ಬರೆದ. ಅಮೆರಿಕದ ಮೊದಲ ಟಬ್ಬು 1842ರಲ್ಲಿ ಸಿನ್ಸಿನಾಟಿಯಲ್ಲಿ ಸ್ಥಾಪನೆಯಾಯಿತೆಂದೂ, ವೈದ್ಯರು ಅದನ್ನು ವಿರೋಧಿಸಿದರೆಂದೂ, ಅಧ್ಯಕ್ಷ ಮಿಲರ್ಡ್ ಫಿಲ್ಮೋರ್ ಅದನ್ನು ಶ್ವೇತಭವನಕ್ಕೆ ತಂದು ಮರ್ಯಾದೆ ದಕ್ಕಿಸಿಕೊಟ್ಟನೆಂದೂ ಹೊಸೆದ. ಪೂರ್ತಿ ಕಟ್ಟುಕತೆ. 1926ರಲ್ಲಿ, ಅದೆಲ್ಲ ತಮಾಷೆಗೆ ಬರೆದದ್ದೆಂದು ತಾನೇ ಮುದ್ರಣದಲ್ಲಿ ಒಪ್ಪಿಕೊಂಡ. ಅಷ್ಟರಲ್ಲಿ ಕತೆ ಗಂಭೀರ ಪುಸ್ತಕಗಳೊಳಗೆ ಹೊಕ್ಕು ಕೂತಿತ್ತು. ಒಪ್ಪಿಗೆಯ ನಂತರವೂ ಫಿಲ್ಮೋರನ ಟಬ್ಬು ದಶಕಗಟ್ಟಲೆ ಉಲ್ಲೇಖವಾಗುತ್ತಲೇ ಇತ್ತು. ಅಣಕು ಪ್ರಬಂಧ ಬರೆಯುವವರಿಗೆ ಇದಕ್ಕಿಂತ ದೊಡ್ಡ ಪರಂಪರೆ ಬೇಕಿಲ್ಲ. ಗಾಜಿನ ಹಲಗೆಗೆ ಮಾತ್ರ ಇನ್ನೂ ಒಬ್ಬ ಮೆಂಕೆನ್ ದೊರೆತಿಲ್ಲ, ಸುಳ್ಳು ಹೇಳುವಷ್ಟೂ ಪ್ರೀತಿ ಯಾರಿಗೂ ಅದರ ಮೇಲೆ ಹುಟ್ಟಿಲ್ಲ.

ಗಾಜಿಗೂ ಮೊದಲು ಪರದೆ. ಅಗ್ಗ, ಹಗುರ, ಟಬ್ಬಿನ ಪೂರ್ತಿ ಉದ್ದಕ್ಕೂ ಎಳೆಯಬಹುದು; ಅಂಕಗಣಿತದ ದೃಷ್ಟಿಯಿಂದ ಗಾಜಿಗಿಂತ ಎಷ್ಟೋ ಮೇಲು. ಅದಕ್ಕಿದ್ದ ಚಾಳಿ ಒಂದೇ, ಷವರ್ ತಿರುಗಿಸಿದ ಕೂಡಲೇ ಒಳಕ್ಕೆ ಉಬ್ಬಿ ಬಂದು ತಣ್ಣಗೆ ಕಾಲಿಗೆ ಅಂಟುವುದು. ಬಿಸಿಗಾಳಿ ಮೇಲೇರಿ ತಣ್ಣಗಿನ ಗಾಳಿ ಕೆಳಗಿನಿಂದ ನುಗ್ಗುವುದೇ ಕಾರಣವೆಂದು ಒಂದು ಪಕ್ಷ. ತಣ್ಣೀರಿನಲ್ಲೂ ಉಬ್ಬುತ್ತದಲ್ಲ ಎಂದು ಇನ್ನೊಂದು ಪಕ್ಷ. ಹರಿಯುವ ಗಾಳಿಯ ಒತ್ತಡ ಇಳಿಯುತ್ತದೆಂಬ ಬರ್ನೂಲಿ ಸೂತ್ರ ಅವರ ಆಧಾರ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಸ್ಮಿಟ್ ಎಂಬ ಎಂಜಿನಿಯರ್, ದ್ರವದ ತುಂತುರುಗಳನ್ನೇ ಅಧ್ಯಯನ ಮಾಡಿದವರು, ಇಡೀ ಸ್ನಾನದ ಕೋಣೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ಷವರ್ ಹರಿಸಿ ನೋಡಿದರು. ಬೀಳುವ ಹನಿಗಳು ಗಾಳಿಯನ್ನು ಎಳೆದು ಅಡ್ಡಡ್ಡ ಮಲಗಿದ ಒಂದು ಸುಳಿ ಹುಟ್ಟಿಸುತ್ತವೆ, ಆ ಸುಳಿಯ ನಡುವೆ ಒತ್ತಡ ಕಡಿಮೆ, ಅದೇ ಪರದೆಯನ್ನು ಹೀರುತ್ತದೆ ಎಂದು ಕಂಡರು. 2001ರಲ್ಲಿ ಅವರಿಗೆ ಭೌತಶಾಸ್ತ್ರದ ಇಗ್ ನೊಬೆಲ್ ಬಂತು. ಪ್ರಶಸ್ತಿ ಕೊಟ್ಟವರು ಅದನ್ನು ಭಾಗಶಃ ಪರಿಹಾರವೆಂದೇ ಕರೆದರು. ಅಂದಮೇಲೆ ಉಳಿದ ಭಾಗ ಯಾವ ಯುವ ವಿದ್ವಾಂಸನಿಗಾಗಿಯೋ ಕಾದಿದೆ.

ಸುಳಿ ಗಾಜನ್ನು ಅಲುಗಿಸಲಾರದು. ಹಿಚ್‌ಕಾಕ್‌ನ 1960ರ 'ಸೈಕೋ' ಚಿತ್ರದ ಷವರಿನ ಕೊಲೆಯೂ ಪರದೆಯ ಕಾಲದ್ದೇ. ಬೇಟ್ಸ್ ಮೋಟೆಲಿನಲ್ಲಿ ಪಾರದರ್ಶಕ ಗಾಜಿದ್ದಿದ್ದರೆ ಬಂದವರು ಯಾರೆಂದು ಆಗಲೇ ಕಂಡು, ಚಿತ್ರದ ಉಳಿದರ್ಧಕ್ಕೆ ಕೆಲಸವಿರುತ್ತಿರಲಿಲ್ಲ.

ಸ್ನಾನಕ್ಕೂ ಗಾಜಿಗೂ ನಂಟು ಬೆಳೆದದ್ದನ್ನು ಕಂಡು ಗೊಣಗಿದ ಹಿರಿಯರಲ್ಲಿ ರೋಮಿನ ಸೆನೆಕಾ ಒಬ್ಬ. ತನ್ನ 86ನೆಯ ಪತ್ರದಲ್ಲಿ, ಲಿಟರ್ನಮ್‌ನಲ್ಲಿದ್ದ ಸಿಪಿಯೋ ಸೇನಾನಿಯ ಕತ್ತಲ ಸ್ನಾನಗೃಹವನ್ನು ವರ್ಣಿಸಿ, ಅಲ್ಲಿ ಕಿಟಕಿಯಲ್ಲ, ಕಲ್ಲುಗೋಡೆಯಲ್ಲಿ ಸೀಳುಗಳಷ್ಟೇ ಇದ್ದವೆಂದು ಮೆಚ್ಚಿ, ದಿನವಿಡೀ ಬಿಸಿಲು ಬರುವ ಅಗಲ ಕಿಟಕಿಯಿಲ್ಲದೆ ಮೀಯಲಾರದ ತನ್ನ ಕಾಲದವರನ್ನು ಹಂಗಿಸುತ್ತಾನೆ. ಈಗಿನ ಗಾಜಿನ ವಂಶಾವಳಿಯಾದರೋ ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಊರಿನದು. ಅಲ್ಲಿನ ಪಿಲ್ಕಿಂಗ್ಟನ್ ಕಂಪನಿಯಲ್ಲಿ ಅಲೆಸ್ಟರ್ ಪಿಲ್ಕಿಂಗ್ಟನ್ 1952ರಿಂದ ಏಳು ವರ್ಷ ಹೆಣಗಿ, ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಕನ್ನಡಿಯಷ್ಟು ಸಪಾಟಾಗಿ ಎಳೆಯುವ ವಿಧಾನವನ್ನು 1959ರಲ್ಲಿ ಲೋಕಕ್ಕೆ ಸಾರಿದರು. ಸುಮಾರು 1000 ಡಿಗ್ರಿಯಲ್ಲಿ ತವರದ ತೊಟ್ಟಿಗಿಳಿದ ಗಾಜು 600 ಡಿಗ್ರಿಯ ಹೊತ್ತಿಗೆ ಗಟ್ಟಿಯಾಗಿ ಹೊರಬರುತ್ತದೆ. ತೊಟ್ಟಿಯನ್ನು ಕಾಯಲು ಬರುವ ಗಾಜು ತಾನೇ ತೊಟ್ಟಿಸ್ನಾನ ಮುಗಿಸಿ ಬಂದದ್ದು. ಅಲ್ಲಿಯೂ ಮಲಗಿಕೊಂಡೇ ಮಿಂದದ್ದು ಎಂಬುದು ಪ್ರಬಂಧಕಾರನ ಸಿದ್ಧಾಂತಕ್ಕೆ ಪೋಷಕ.

ಆಮೇಲೆ ಅದಕ್ಕೆ ಇನ್ನೊಂದು ಸಂಸ್ಕಾರ. ಅಳತೆಗೆ ಕತ್ತರಿಸಿ, ಕೀಲಿನ ತೂತು ಕೊರೆದು, ಮತ್ತೆ 600 ಡಿಗ್ರಿ ದಾಟಿ ಕಾಯಿಸಿ, ಎರಡೂ ಕಡೆಯಿಂದ ಗಾಳಿ ಊದಿ ಥಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ನಿಧಾನಕ್ಕೆ ಕುಗ್ಗುತ್ತ ಹೊರಮೈಯನ್ನು ಬಿಗಿಯಾಗಿ ಅಮುಕಿ ಹಿಡಿಯುತ್ತದೆ. ಇನ್ನು ಅದನ್ನು ಕತ್ತರಿಸುವಂತಿಲ್ಲ, ಕೊರೆಯುವಂತಿಲ್ಲ. ಇದರ ಮೂಲಪುರುಷ ರೂಪರ್ಟ್ ರಾಜಕುಮಾರ. ಕರಗಿದ ಗಾಜನ್ನು ನೀರಿಗೆ ತೊಟ್ಟಿಕ್ಕಿಸಿದರೆ ಸಿಗುವ ಬಾಲವಿರುವ ಹನಿಗಳನ್ನು ಆತ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್‌ ದೊರೆಗೆ ತಂದು ತೋರಿಸಿದ, 1661ರಲ್ಲಿ ರಾಯಲ್ ಸೊಸೈಟಿಯ ಪಂಡಿತರು ಅವನ್ನು ಪರೀಕ್ಷಿಸಿದರು. ತಲೆಗೆ ಸುತ್ತಿಗೆಯಿಂದ ಹೊಡೆದರೂ ಜಗ್ಗದ ಹನಿ, ಬಾಲ ಮುರಿದರೆ ಇಡಿಯಾಗಿ ಪುಡಿ. ಸ್ನಾನದ ಗಾಜೂ ಅದೇ ಜಾತಿ. ಒಡೆಯುವುದಾದರೆ ಎಷ್ಟು ಪುಡಿಯಾಗಬೇಕೆಂದು ಯುರೋಪಿನ ಇಎನ್ 12150 ಮಾನದಂಡ ಎಣಿಸಿ ಹೇಳುತ್ತದೆ: 50 ಮಿಲಿಮೀಟರ್ ಚೌಕದಲ್ಲಿ ಕನಿಷ್ಠ 40 ಚೂರು. ಸೋಲಿನಲ್ಲೂ ತೇರ್ಗಡೆ ಅಂಕ ಗೊತ್ತುಮಾಡಿದ ಶಾಸ್ತ್ರ ಇದು.

ಕೆಲವೊಮ್ಮೆ ಯಾರೂ ಮುಟ್ಟದೆ, ಯಾರೂ ಮೀಯದೆ, ಗಾಜು ನಡುರಾತ್ರಿ ಢಮ್ಮೆಂದು ಸಿಡಿಯುವುದುಂಟು. ತಯಾರಿಕೆಯ ವೇಳೆ ಸೇರಿಕೊಂಡ ನಿಕ್ಕಲ್ ಸಲ್ಫೈಡಿನ ಕಣ್ಣಿಗೆ ಕಾಣದ ಕಣ, ವರ್ಷಗಳ ಮೇಲೆ ತನ್ನ ಸ್ಫಟಿಕ ರೂಪ ಬದಲಿಸಿ ಉಬ್ಬುವುದೇ ಕಾರಣ. ವೇದಾಂತಿಗಳು ಇದನ್ನು ಪ್ರಾರಬ್ಧವೆನ್ನುತ್ತಾರೆ. ಮಾರುವ ಮೊದಲೇ ಗಾಜನ್ನು ಒಲೆಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಸಿಡಿಯುವಂಥದ್ದನ್ನು ಅಲ್ಲೇ ಸಿಡಿಸಿ ಮುಗಿಸುವ ಪ್ರಾಯಶ್ಚಿತ್ತವೂ ಇದೆ, ಖರ್ಚು ಬೇರೆ.

ಕೀಲಿನ ವಿಚಾರಕ್ಕೆ ಬಂದರೆ ಮತಭೇದಗಳು. ಗಾಜಿನ ಬುಡಕ್ಕೆ ರಬ್ಬರಿನಂಥ ಪಟ್ಟಿಯಿದ್ದು ಅದು ಟಬ್ಬಿನ ಅಂಚಿಗೆ ಒತ್ತಿಕೊಂಡಿರಬೇಕು, ತಿರುಗಿಸುವಾಗ ಮಾತ್ರ ಉಜ್ಜಬಾರದು. ಆದ್ದರಿಂದ ಕೀಲಿನೊಳಗೆ ಓರೆ ಮೆಟ್ಟಿಲು ಕೊರೆದು, ಹಲಗೆ ತಿರುಗಿದಂತೆ ಕೆಲವು ಮಿಲಿಮೀಟರ್ ಮೇಲೇರಿ, ಮುಚ್ಚಿದಾಗ ತನ್ನ ಭಾರಕ್ಕೆ ತಾನೇ ಇಳಿದು ಕೂರುವಂತೆ ಮಾಡಿದ್ದಾರೆ. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಜಗಳವಿರುವುದು ಯಾವ ಕಡೆ ತಿರುಗಿಸಬೇಕೆಂಬುದರಲ್ಲಿ. ಹೊರಕ್ಕೆ ತೆರೆದರೆ ಗಾಜಿನ ಮೇಲೆ ಅಷ್ಟು ಹೊತ್ತು ತಡೆದಿಟ್ಟ ನೀರೆಲ್ಲ ಒಂದೇ ಸಲಕ್ಕೆ ನೆಲಕ್ಕೆ ಸುರಿಯುತ್ತದೆಂದು ಅಂತರ್ಮುಖಿಗಳು ದೂರುತ್ತಾರೆ. ಒಳಕ್ಕೆ ತೆರೆದರೆ ಮೈಗೆ ಸೋಪು ಹಚ್ಚಿಕೊಂಡವನು ಗಾಜಿಗೂ ನಲ್ಲಿಗೂ ನಡುವೆ ಸಿಕ್ಕಿಬೀಳುತ್ತಾನೆಂದು ಬಹಿರ್ಮುಖಿಗಳು. ಎರಡೂ ಕಡೆ ತಿರುಗುವ ಹಲಗೆ ತಂದು ಸಮನ್ವಯ ಸಾಧಿಸಿದ ಕಂಪನಿಗಳು ಎರಡೂ ತೊಂದರೆಗಳನ್ನು ಒಂದೇ ಬೆಲೆಗೆ ಕೊಟ್ಟವು.

ಹೊಸ ಗಾಜು ನಿರ್ಗುಣ, ಇದೆಯೆಂದೇ ತಿಳಿಯದು. ಲಂಡನ್ನಿನ ನೀರು ಸುಣ್ಣದ ಬಂಡೆಯಿಂದ ಬರುವ ಗಡಸು ನೀರಾದ್ದರಿಂದ ಕೆಲವೇ ವಾರಗಳಲ್ಲಿ ಬಿಳಿ ಚುಕ್ಕೆ ಮೂಡಿ ಅದು ಸಗುಣವಾಗುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಗೀಸರಿನ ಕಾಯಿಲ್ ಕಳೆದುಕೊಂಡವರಿಗೆ ಈ ಕ್ಯಾಲ್ಸಿಯಂ ಕಾರ್ಬೊನೇಟು ಹಳೆಯ ಪರಿಚಯ. ವಿನಿಗರ್ ಹಚ್ಚಿದರೆ ಕರಗುತ್ತದೆ. ಪ್ರತಿ ಸ್ನಾನದ ಕೊನೆಗೂ ವೈಪರ್ ಎಳೆಯಿರಿ ಎಂದು ಕೈಪಿಡಿ ಹೇಳುತ್ತದೆ. ಚಳಿಯಲ್ಲಿ ಬೆತ್ತಲೆ ನಿಂತು ಗಾಜು ಒರೆಸುವ ಈ ವ್ರತವನ್ನು ಆಚರಿಸುವವರಿದ್ದಾರೆ, ಅವರಿಗೆ ನಮಸ್ಕಾರ.

ಕೊನೆಯದು ಸ್ಥಾಪನಾವಿಧಿ. ಸಿಲಿಕೋನನ್ನು ಗಾಜಿನ ಹೊರಬದಿಗೆ ಮಾತ್ರ ಹಚ್ಚಬೇಕು. ಒಳಬದಿಗೂ ಹಚ್ಚಿದರೆ ಗೋಡೆಯ ಪಟ್ಟಿಯೊಳಗೆ ನುಗ್ಗಿದ ನೀರು ಮರಳಿ ಟಬ್ಬಿಗಿಳಿಯಲು ದಾರಿಯಿಲ್ಲದೆ ಹೊರಗಿನ ದಾರಿ ಹುಡುಕುತ್ತದೆ. ಟಬ್ಬು ಮತ್ತು ಗೋಡೆಯ ನಡುವಿನ ಸಂದಿಗೆ ಹಚ್ಚುವಾಗ ಟಬ್ಬನ್ನು ಮೊದಲು ನೀರಿನಿಂದ ತುಂಬಿಸಬೇಕು. ಖಾಲಿ ಟಬ್ಬಿಗೆ ಹಚ್ಚಿದರೆ ಮುಂದೆ ನೀರಿನ ಭಾರಕ್ಕೆ ಅದು ತಗ್ಗಿದಾಗ ಸಿಲಿಕೋನ್ ಕಿತ್ತು ಬರುತ್ತದೆ. ಆಮೇಲೆ 24 ಗಂಟೆ ಯಾರೂ ಷವರ್ ಮುಟ್ಟುವಂತಿಲ್ಲ. ಅಂದು ತುಂಬಿದ ಟಬ್ಬಿದೆ, ಫಳಫಳ ಹೊಳೆಯುವ ಗಾಜಿದೆ, ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ, ನೆಲದ ಮೇಲೆ ಒಂದು ಹನಿಯೂ ಇಲ್ಲ. ಮರುದಿನ ಬೂಚು ಎಳೆದು ಅಷ್ಟೂ ನೀರನ್ನು ಚರಂಡಿಗೆ ಬಿಟ್ಟು, ಟಬ್ಬಿನೊಳಗೆ ಎದ್ದು ನಿಂತು ಷವರ್ ತಿರುಗಿಸಬಹುದು.